ಕೆಂಪು ಹಗ್ಗ ಏಣಿಗೆ, ನೀಲಿ ಹಗ್ಗ ಬಕೆಟ್ಟಿಗೆ

ಮಾರ್ಚ್ 4, ಮಂಗಳವಾರ

ಇದು ಇವರ ಪುಸ್ತಕ. ಗಟ್ಟಿ ರಟ್ಟಿನದು, ಒಂದು ಮೂಲೆಯಲ್ಲಿ ಗಾರೆಯ ಕಲೆ. ಅರ್ಧ ತುಂಬಿದೆ, ಅರ್ಧ ಖಾಲಿ. ಖಾಲಿ ಹಾಳೆ ಸುಮ್ಮನೆ ಯಾಕೆ ಬಿಡಬೇಕು ಎಂದು ಇವತ್ತು ತೆರೆದು ಕೂತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ ಇವರ ಅಕ್ಷರದ ಪಕ್ಕ ಚೆನ್ನಾಗಿ ಕಾಣುವುದಿಲ್ಲ. ಇರಲಿ.

ಚಾವಣಿಯ ಅಂಚಿನಲ್ಲಿ ಮಳೆನೀರು ಹರಿದುಹೋಗಲು ಕೂರಿಸಿದ ದೋಣಿಯಲ್ಲಿ ಎಲೆ, ಮಣ್ಣು ತುಂಬಿಕೊಂಡರೆ ನೀರು ಗೋಡೆಗೆ ಇಳಿಯುತ್ತದೆ. ಆ ದೋಣಿ ಕೆರೆದು ಶುಚಿ ಮಾಡುವುದು, ಒಡೆದ ಹೆಂಚು ಬದಲಿಸುವುದು ಇವರ ಕೆಲಸವಾಗಿತ್ತು. ಕೆಳಗೆ ಏಣಿಯ ಕಾಲು ಹಿಡಿದು ನಿಲ್ಲುವುದು ನನ್ನದು. ಹದಿನೇಳು ವರ್ಷ ಹೀಗೇ. ಒಂದೊಂದು ಮನೆಗೂ ಇಲ್ಲಿ ನಾಲ್ಕು ಸಾಲು ಬರೆದಿದ್ದಾರೆ. “ಟೀಚರ್ ಮನೆ. ನೆಲ ಇಳಿಜಾರು, ಎಡಗಾಲಿಗೆ ಹಲಗೆ ಕೊಡಬೇಕು. ಕಿಟಕಿ ಗಾಜಿಗೆ ಏಣಿ ತಾಗೀತು.” ಪ್ರತಿಯೊಂದರ ಕೊನೆಗೂ ಒಂದೇ ಮಾತು: “ಇಬ್ಬರೂ ನೆಲದ ಮೇಲೆ.”

ಕೊನೆಯದು ನವೆಂಬರ್ 6. “ಮೂಲೆಮನೆ, ಪೋಸ್ಟ್‌ಮಾಸ್ಟರು. ಹಿಂದಿನ ಸೂರು.” ಅಷ್ಟೇ. ಬೆಳಿಗ್ಗೆ ಹೊರಡುವಾಗ ಬರೆದದ್ದು. ಕೊನೆಯ ಮಾತು ಬರೆಯಲು ಇವರು ವಾಪಸ್ ಬರಲಿಲ್ಲ.

ಪಕ್ಕದ ಮನೆಯವರು ಇವತ್ತೂ ಬಾಗಿಲ ಹತ್ತಿರ ಹಾಲು ಇಟ್ಟು ಹೋಗಿದ್ದಾರೆ. ಬೆಲ್ ಒತ್ತುವುದಿಲ್ಲ. ಮಾತಾಡಿಸಿದರೆ ನನಗೆ ಕಷ್ಟ ಎಂದು ಅವರಿಗೆ ಗೊತ್ತು. ಅವರ ಉಪಕಾರ ದೊಡ್ಡದು.

ಮಾರ್ಚ್ 7, ಶುಕ್ರವಾರ

ನಾದಿನಿ ಬಂದಿದ್ದಳು. ಇವರ ತಂಗಿ. ಸಣ್ಣಗಿದ್ದಾಳೆ, ಬೆಂಕಿಕಡ್ಡಿಯ ಹಾಗೆ ಬೇಗ ಹತ್ತಿಕೊಳ್ಳುತ್ತಾಳೆ, ಅದಕ್ಕೆ ಇವರು ಕಡ್ಡಿ ಎಂದು ಕರೆಯುತ್ತಿದ್ದರು. ನನಗೂ ಅದೇ ರೂಢಿ. ಗೋಡೆಗೆ ಬಣ್ಣ ಬಳಿಯುವ ಕೆಲಸ ಅವಳದು, ಎರಡು ಬೀದಿ ಆಚೆ ಒಂದು ರೂಮಿನಲ್ಲಿ ಒಬ್ಬಳೇ ಇದ್ದಾಳೆ.

ಬಂದವಳು ನೇರ ಹಿತ್ತಲಿಗೆ ಹೋದಳು. “ಅತ್ತಿಗೆ, ಹಗ್ಗ ಖಾಲಿ ಬಿದ್ದಿದೆ, ನೀನು ಒದ್ದೆ ಬಟ್ಟೆ ಕುರ್ಚಿ ಮೇಲೆ ಹಾಕಿದ್ದೀಯ. ಕುರ್ಚಿಗೇನು ಸ್ನಾನ ಆಗಿತ್ತಾ?”

ನಾನು ಕುರ್ಚಿಯನ್ನು ಬಿಸಿಲಿಗೆ ಎಳೆದೆ.

ಆಮೇಲೆ ಅಡುಗೆಮನೆ ಕಟ್ಟೆ ಮೇಲೆ ಕೂತು ವಿಷಯ ತೆಗೆದಳು. “ಅಣ್ಣ ಕೆಲಸ ಮಾಡ್ತಿದ್ದ ಮನೆಯವರು ನನಗೇ ಫೋನ್ ಮಾಡ್ತಿದ್ದಾರೆ. ಮಳೆಗಾಲದ ಒಳಗೆ ದೋಣಿ ಶುಚಿ ಆಗ್ಬೇಕಂತೆ. ನಾನು ಹತ್ತುತ್ತೀನಿ. ನೀನು ಹಿಡಿ.”

“ಬೇರೆ ಯಾರನ್ನಾದ್ರೂ ಹಿಡಿಯೋಕೆ ಕರ್ಕೋ.”

“ಬೇರೆಯವರು ಹಿಡಿದ್ರೆ ನಾನು ಹತ್ತಲ್ಲ. ಹದಿನೇಳು ವರ್ಷ ಹಿಡಿದವಳು ಮನೇಲಿ ಕೂತಿರುವಾಗ ದಾರೀಲಿ ಹೋಗೋರನ್ನ ಯಾಕೆ ಕರೀಲಿ?”

ಅವಳಿಗೆ ನನ್ನ ಕೈ ಮೇಲೆ ಅಷ್ಟು ನಂಬಿಕೆ.

ಮಾರ್ಚ್ 8, ಶನಿವಾರ

ಇದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮಲ್ಲಿ ಎರಡು ಹಗ್ಗ. ಏಣಿಯ ತಲೆಯನ್ನು ಮೇಲೆ ಕೊಂಡಿಗೆ ಬಿಗಿಯಲು ಕೆಂಪು. ಕಸದ ಬಕೆಟ್ಟು ಇಳಿಸಲು ನೀಲಿ. ಪುಸ್ತಕದ ಮೊದಲ ಹಾಳೆಯಲ್ಲೇ ಇವರು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: “ಕೆಂಪು ಹಗ್ಗ ಏಣಿಗೆ, ನೀಲಿ ಹಗ್ಗ ಬಕೆಟ್ಟಿಗೆ. ಅದಲು ಬದಲು ಇಲ್ಲ.”

ನವೆಂಬರ್ 5ರಂದು ಹಿತ್ತಲಲ್ಲಿ ಬಟ್ಟೆ ಹಾಕುವ ತಂತಿ ತುಂಡಾಯಿತು. ಕೈಯಲ್ಲಿ ಒದ್ದೆ ಬೆಡ್‌ಶೀಟು. ನೀಲಿ ಹಗ್ಗ ತೆಗೆದು ಕಟ್ಟಿದೆ. ಮತ್ತೆ ಚೀಲಕ್ಕೆ ಹಾಕುವುದು ಮರೆತೆ.

ಮರುದಿನ ಮೂಲೆಮನೆಯಲ್ಲಿ ಇವರು ಸೂರಿನ ಪಕ್ಕದ ಸಜ್ಜಾ ಮೇಲೆ ನಿಂತು ನೀಲಿ ಹಗ್ಗ ಕೇಳಿದರು. ಇರಲಿಲ್ಲ. ನಾನೇ ಅಂದೆ, “ಏಣಿಗೆ ಕಟ್ಟಿದ್ದನ್ನೇ ಬಿಚ್ಚಿಕೊಳ್ಳಿ, ನಾನು ಹಿಡ್ಕೊಂಡಿದ್ದೀನಲ್ಲ.” ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಬಿಚ್ಚಿದರು. ಬಕೆಟ್ಟು ಇಳಿಯಿತು. ನಾನು ಅದನ್ನು ಸುರಿಯಲು ಆರು ಹೆಜ್ಜೆ ಹೋದೆ. ಇಳಿಯುವ ಮೊದಲು ಇವರು ಎಂದಿನಂತೆ ಕೇಳಿದರು, “ಹಿಡಿದಿದ್ದೀಯಾ?”

ನಾನು ಕಸ ಸುರಿಯುತ್ತಲೇ “ಹಿಡಿದೆ” ಅಂದೆ. ಹದಿನೇಳು ವರ್ಷದ ಅಭ್ಯಾಸ. ಬಾಯಿ ಹೇಳಿಬಿಟ್ಟಿತು, ಕೈ ಅಲ್ಲಿರಲಿಲ್ಲ.

ಏಣಿ ಪಕ್ಕಕ್ಕೆ ಜಾರಿತು.

ಇವರೇ ಹಗ್ಗ ಬಿಚ್ಚಿಕೊಂಡು ಬಿದ್ದರು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಕಡ್ಡಿಯೂ ಹಾಗೇ ತಿಳಿದಿದ್ದಾಳೆ. ಸತ್ಯ ಗೊತ್ತಾದರೆ ಅವಳು ನನ್ನ ಮುಖ ನೋಡುತ್ತಾಳಾ? ನನಗೆ ಈಗ ಉಳಿದಿರುವುದು ಅವಳೊಬ್ಬಳೇ.

ಮಾರ್ಚ್ 17, ಸೋಮವಾರ

ಟೀಚರ್ ಮನೆ ಮುಗಿಸಿ ಬಂದೆವು.

ಎಡಗಾಲಿನ ಕೆಳಗೆ ಹಲಗೆ ಕೊಟ್ಟೆ, ಇವರು ಬರೆದಿದ್ದ ಹಾಗೆ. ಕಡ್ಡಿ ಏಣಿಯನ್ನು ಗೋಡೆಗೆ ತೀರ ನೆಟ್ಟಗೆ ನಿಲ್ಲಿಸಿದ್ದಳು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಈಚೆ ಬರಬೇಕು ಅಂದೆ. “ಬಣ್ಣದ ಕೆಲಸದಲ್ಲಿ ಇಷ್ಟೆಲ್ಲ ಅಳತೆ ನೋಡಿಲ್ಲಮ್ಮ ನಾವು” ಎಂದು ಗೊಣಗಿದಳು, ಆದರೂ ಎಳೆದಳು. ಬಕೆಟ್ಟಿಗೆ ಹೊಸ ಹಗ್ಗ ತಂದಿದ್ದಳು, ಹಳದಿಯದು. ಹಳೆಯದು ಎಲ್ಲಿ ಎಂದು ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನೆಮ್ಮದಿಯಾಯಿತು. ಆಮೇಲೆ ಆ ನೆಮ್ಮದಿಗೇ ನಾಚಿಕೆಯಾಯಿತು.

ನವೆಂಬರ್ ಆದಮೇಲೆ ಕಿಟಕಿಗಿಂತ ಮೇಲೆ ಕಣ್ಣು ಎತ್ತಿರಲಿಲ್ಲ. ಇವತ್ತೂ ಅವಳ ಹಿಮ್ಮಡಿ ತನಕ ಮಾತ್ರ ನೋಡಿದೆ.

ಇಳಿಯುವ ಮೊದಲು ಕೇಳಿದಳು, “ಅತ್ತಿಗೆ, ಹಿಡಿದ್ಯಾ?”

ಎರಡು ಕೈಯಲ್ಲೂ ಏಣಿ ಹಿಡಿದುಕೊಂಡೇ ಬೆರಳಿನ ಉಂಗುರದಿಂದ ಮೂರು ಸಲ ತಟ್ಟಿದೆ. ಟಕ್ ಟಕ್ ಟಕ್.

“ಇದೇನು, ಬಾಗಿಲು ತಟ್ಟಿದ ಹಾಗೆ?”

“ತಟ್ಟಿದ್ರೆ ಹಿಡಿದಿದ್ದೀನಿ ಅಂತ. ಸದ್ದು ಏಣಿಯಿಂದ ಬರಬೇಕು. ಬಾಯಿಂದ ಬಂದ್ರೆ ನಂಬಬೇಡ.”

ಟೀಚರ್ ಕಾಫಿ ಕೊಟ್ಟರು. ಏನನ್ನೂ ಕೇಳಲಿಲ್ಲ, ಸಕ್ಕರೆ ಸಾಕಾ ಎಂದು ಮಾತ್ರ ಕೇಳಿದರು. ಅಂಥವರು ಇದ್ದಾರಲ್ಲ, ಅದೇ ಪುಣ್ಯ.

ಮಾರ್ಚ್ 26, ಬುಧವಾರ

ಈ ವಾರ ಮೂರು ಮನೆ. ಕಡ್ಡಿಗೆ ಒಂದು ಕೆಟ್ಟ ಚಟ ಇದೆ. ಏಣಿ ಸರಿಸುವ ಬದಲು ಅಲ್ಲಿಂದಲೇ ಪಕ್ಕಕ್ಕೆ ಬಾಗಿ ಕೈ ಚಾಚುತ್ತಾಳೆ. ಇವರ ಪುಸ್ತಕದಲ್ಲಿ ಅದಕ್ಕೂ ಒಂದು ಸಾಲಿದೆ, ಓದಿ ಹೇಳಿದೆ: “ಹೊಕ್ಕಳು ಏಣಿ ದಾಟಬಾರದು.”

ಅವಳು ಮೇಲಿಂದ ಎಷ್ಟು ನಕ್ಕಳೆಂದರೆ ಏಣಿಯೇ ನಡುಗಿತು. “ಅಣ್ಣ ಹೀಗೆ ಬರೆದಿದ್ದಾನಾ? ನಿಜವಾಗ್ಲೂ?”

“ನಗಬೇಕಾದ್ರೆ ಇಳಿದು ನಗು.”

ಇಳಿದು ಬಂದು ಓದಿದಳು. ನಕ್ಕಳು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಇನ್ನೊಂದು ಸಲ ಓದಿದಳು. ಆಮೇಲಿಂದ ಪ್ರತಿ ಸಲ ಏಣಿ ಸರಿಸುವಾಗ “ಹೊಕ್ಕಳು ಹೊರಟಿತು, ದಾರಿ ಬಿಡಿ” ಅನ್ನುತ್ತಾಳೆ. ಬಾಡಿಗೆ ಮನೆಯ ಮುದುಕಿಯೊಬ್ಬರು ಅದನ್ನು ಕೇಳಿ ಗಾಬರಿಯಾದರು.

ಇವರು ಇದ್ದಿದ್ದರೆ ಅವಳಿಗೆ ಚೆನ್ನಾಗಿ ಬೈದಿರುತ್ತಿದ್ದರು, ಬೈದು ತಾವೂ ನಕ್ಕಿರುತ್ತಿದ್ದರು.

ಏಪ್ರಿಲ್ 2, ಬುಧವಾರ

ಮಳೆ, ಹೊತ್ತಲ್ಲದ ಹೊತ್ತಿನಲ್ಲಿ. ಕೆಲಸ ಇಲ್ಲ. ಒದ್ದೆ ಏಣಿ ಹತ್ತಬಾರದು.

ಪೋಸ್ಟ್‌ಮಾಸ್ಟರು ಛತ್ರಿ ಹಿಡಿದು ಬಂದಿದ್ದರು. ಆವತ್ತು ಕಾರಿನ ಹಿಂದಿನ ಸೀಟಿನಲ್ಲಿ ಇವರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಆಸ್ಪತ್ರೆ ತನಕ ಬಂದವರು ಅವರು. ಅವರ ಹೆಂಡತಿ ಕಾರು ಓಡಿಸಿದ್ದರು. ಇವರ ಉಸಿರು ನಿಲ್ಲುವ ತನಕ, ಮೂರು ದಿನ ಆಸ್ಪತ್ರೆಯಲ್ಲಿ ನನಗೆ ಊಟ ತಂದವರೂ ಅವರೇ.

ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಅವರನ್ನು ಕೂರಿಸಿದೆ. ನೀರು ಕುಡಿದು ಹೊರಟರು. ಬಾಗಿಲಲ್ಲಿ ನಿಂತು ಕೇಳಿದೆ, “ನಿಮ್ಮ ಹಿಂದಿನ ಸೂರು ಯಾರ ಕೈಲಿ ಮುಗಿಸಿದಿರಿ?”

“ಹಾಗೇ ಇದೆಯಮ್ಮ.”

“ನೀರು ಇಳಿಯಲ್ವಾ?”

“ಇಳಿಯುತ್ತೆ. ಒಂದು ಬಕೆಟ್ಟು ಇಟ್ಟಿದ್ದೀವಿ.” ಛತ್ರಿ ಬಿಚ್ಚಿದರು. “ಬೇರೆಯವರನ್ನ ಕರೆಯೋಕೆ ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ. ಅವಸರ ಇಲ್ಲ ತಾಯಿ.”

ಐದು ತಿಂಗಳು ಗೋಡೆ ನೆನೆಸಿಕೊಂಡು ಕಾದಿದ್ದಾರೆ. ನನಗೆ ಒಂದು ಮಾತೂ ಹೇಳಿಲ್ಲ.

ಏಪ್ರಿಲ್ 11, ಶುಕ್ರವಾರ

ಔಷಧಿ ಅಂಗಡಿಯವರ ಮನೆ. ಕೆಲಸ ಚೆನ್ನಾಗಿಯೇ ಆಯಿತು. ಹೆಂಚಿನ ಕೊಕ್ಕೆ ಕೊಡಲು ನಾನು ಮೂರನೇ ಮೆಟ್ಟಿಲಿಗೆ ಹತ್ತಿದ್ದೆ, ಇಳಿದ ಮೇಲೆ ನೆನಪಾಯಿತು.

ಕೈ ತೊಳೆಯುವಾಗ ಅಂಗಡಿಯವರು ಕಡ್ಡಿಗೆ ಹೇಳಿದರು, “ನೀವು ಎಷ್ಟು ಜೋಪಾನವಾಗಿ ಕಟ್ಟಿ ಹತ್ತುತ್ತೀರಿ. ನಿಮ್ಮಣ್ಣ ಕಟ್ಟಿದ್ದನ್ನ ತಾನೇ ಬಿಚ್ಚಿದನಂತಲ್ಲ. ಅಷ್ಟು ವರ್ಷ ಕೆಲಸ ಮಾಡಿದವನು ಅಷ್ಟು ಉಡಾಫೆ ಮಾಡಬಾರದಿತ್ತು.”

ಕಡ್ಡಿ ಜಗಳಕ್ಕೆ ಬೀಳುತ್ತಾಳೆ ಅಂದುಕೊಂಡೆ. ಅವಳು ನಲ್ಲಿ ನಿಲ್ಲಿಸಿ, “ಹೌದು. ಮಾಡಬಾರದಿತ್ತು” ಅಂದಳು.

ದಾರಿಯಲ್ಲಿ ಏಣಿಯ ಮುಂದಿನ ತುದಿ ಅವಳ ಹೆಗಲಲ್ಲಿ, ಹಿಂದಿನದು ನನ್ನ ಹೆಗಲಲ್ಲಿ. ಮುಖ ತಿರುಗಿಸದೆ ಮಾತಾಡುತ್ತ ಹೋದಳು. “ಊರಿಗೆಲ್ಲ ಪಾಠ ಹೇಳ್ತಿದ್ದ. ನನಗೆ ಸ್ಟೂಲ್ ಹತ್ತೋಕೂ ಪಾಠ. ತನ್ನ ಸರದಿ ಬಂದಾಗ ಬಿಚ್ಚಿ ಬಿಸಾಡಿದ. ನನಗೆ ಅಳು ಬರಲ್ಲ ಅತ್ತಿಗೆ, ಸಿಟ್ಟು ಬರುತ್ತೆ. ದಿನಾ ಬೆಳಿಗ್ಗೆ ಎದ್ದು ಅವನಿಗೆ ಬೈತೀನಿ. ಬೈದೇ ಕೆಲಸಕ್ಕೆ ಬರ್ತೀನಿ.”

ಏಣಿಯ ಇನ್ನೊಂದು ತುದಿಯಲ್ಲಿ ನಾನು ಸುಮ್ಮನೆ ನಡೆದೆ.

ನನ್ನನ್ನು ಉಳಿಸಿಕೊಳ್ಳಲು ಇವರ ಹೆಸರು ಹೀಗೆ ಕೆಡಲು ಬಿಟ್ಟಿದ್ದೇನೆ.

ಏಪ್ರಿಲ್ 12, ಶನಿವಾರ

ಹೇಳಿದೆ.

ಏಣಿಯ ಮೇಲೆ ಒಬ್ಬರಿದ್ದಾಗ ಮನೆಯ ವಿಷಯ ಮಾತಾಡಬಾರದು ಎಂಬುದು ಇವರ ನಿಯಮ. ಇವತ್ತಿನ ಮನೆಯ ಕೆಲಸ ಮುಗಿಸಿ ಅವಳು ಕೊನೆಯ ಮೆಟ್ಟಿಲು ಇಳಿದು, ಏಣಿ ಮಲಗಿಸಿ, ಕೈಗವಸು ಬಿಚ್ಚುವ ತನಕ ಕಾದೆ. ಆಮೇಲೆ ಹಿತ್ತಲ ಹಗ್ಗದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ನಾನು ಹೇಳಿದ್ದಕ್ಕೆ ಇವರು ಬಿಚ್ಚಿದ್ದು. ಇವರು ಕೇಳಿದ್ದು. ನಾನು ಹಿಡಿಯದೆಯೇ “ಹಿಡಿದೆ” ಅಂದದ್ದು.

ಕೈಗವಸನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

“ಕೇಳಿದ್ನಾ ಅವನು? ಕಾಲಿಡೋಕೆ ಮುಂಚೆ?”

“ಕೇಳಿದ್ರು.”

“ಐದು ತಿಂಗಳು ನಾನು ಅವನಿಗೆ ಬೈದಿದ್ದೀನಿ. ಸತ್ತವನಿಗೆ. ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡೆ.”

“ಹೌದು.”

ಚೀಲ ತೆಗೆದುಕೊಂಡು ಹೊರಟಳು. ಏಣಿ ನಾನೊಬ್ಬಳೇ ಹೊರಲಾಗಲಿಲ್ಲ. ಆ ಮನೆಯವರೇ ಇನ್ನೊಂದು ತುದಿ ಹಿಡಿದು ಮನೆ ತನಕ ತಂದುಕೊಟ್ಟರು. ಅವರ ಹೆಸರು ಕೇಳುವುದೂ ಮರೆತೆ.

ಏಪ್ರಿಲ್ 13, ಭಾನುವಾರ

ಬರಲಿಲ್ಲ.

ಏಪ್ರಿಲ್ 15, ಮಂಗಳವಾರ

ಬರಲಿಲ್ಲ. ಫೋನ್ ಮಾಡಲು ನನಗೆ ಮುಖವಿಲ್ಲ.

ಔಷಧಿ ಅಂಗಡಿಗೆ ಹೋದೆ. ಗಿರಾಕಿಗಳು ಹೋಗುವ ತನಕ ಬದಿಗೆ ನಿಂತೆ. “ನನ್ನ ಗಂಡ ಉಡಾಫೆ ಮಾಡಲಿಲ್ಲ. ಹಗ್ಗ ಬಿಚ್ಚಿ ಅಂದದ್ದು ನಾನು. ಹಿಡಿಯಬೇಕಾದವಳೂ ನಾನೇ, ಹಿಡಿದಿರಲಿಲ್ಲ. ಯಾರಾದರೂ ಕೇಳಿದರೆ ಹೀಗೆ ಹೇಳಿ” ಅಂದೆ.

ಅವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅತ್ತಿತ್ತ ನೋಡಿ, ಬೇಡ ಬೇಡ ಅಂದರೂ ತಲೆನೋವಿನ ಮಾತ್ರೆಯ ಒಂದು ಪಟ್ಟಿ ನನ್ನ ಕೈಗಿಟ್ಟರು. ಒಳ್ಳೆಯ ಮನುಷ್ಯ.

ಮನೆಗೆ ಬಂದು ಚೆನ್ನಾಗಿ ಊಟ ಮಾಡಿದೆ. ಎಷ್ಟೋ ದಿನವಾಗಿತ್ತು.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ಹಿತ್ತಲಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಕಡ್ಡಿ ಕುರ್ಚಿ ಹಾಕಿಕೊಂಡು ನೀಲಿ ಹಗ್ಗದ ಗಂಟು ಬಿಚ್ಚುತ್ತಿದ್ದಾಳೆ.

“ಎಂಥ ಗಂಟು ಹಾಕಿದ್ದೀಯ ಮಾರಾಯ್ತಿ, ಹಲ್ಲಲ್ಲೂ ಬಿಚ್ಚಕ್ಕಾಗಲ್ಲ.”

ನಾನು ಕುರ್ಚಿ ಹಿಡಿದುಕೊಂಡೆ. ಹಿಡಿದದ್ದು ಅವಳಿಗೆ ಗೊತ್ತಾಯಿತು. ಇಳಿದು ಹಗ್ಗವನ್ನು ಮೊಣಕೈಗೆ ಸುತ್ತುತ್ತ ಮಾತಾಡಿದಳು, ನನ್ನ ಕಡೆ ನೋಡದೆ.

“ನೀನು ಹೇಳಿದೆ ಅಂತ ಬಿಚ್ಚಿದವನು ಅವನೇ. ಅವನ ನಿಯಮ, ಅವನೇ ಮುರಿದ. ಕೈ ಬಿಟ್ಟವಳು ನೀನೇ. ಎರಡೂ ನಿಜ. ನಾಲ್ಕು ದಿನ ಕೂಡಿಸಿ ಕಳೆದು ನೋಡಿದೆ, ಇನ್ನೇನೂ ಬರಲಿಲ್ಲ.”

“ಕಡ್ಡಿ.”

“ತಡಿ. ನನಗಿನ್ನೂ ಸಿಟ್ಟಿದೆ. ಇರ್ಲಿ ಅದು, ಎಲ್ಲಿಗೆ ಹೋಗುತ್ತೆ.” ಹಗ್ಗವನ್ನು ಕೆಲಸದ ಚೀಲಕ್ಕೆ ಹಾಕಿದಳು. “ನಾಲ್ಕು ವಾರ ನನ್ನ ಜೀವ ನಿನ್ನ ಕೈಲಿತ್ತು. ಅದನ್ನೂ ಲೆಕ್ಕಕ್ಕೆ ತಗೊಂಡೆ. ಪೋಸ್ಟ್‌ಮಾಸ್ಟರಿಗೆ ಫೋನ್ ಮಾಡಿದ್ದೀನಿ, ಶನಿವಾರ ಬರ್ತೀವಿ ಅಂತ. ಅಲ್ಲಿ ನೀನು ಹತ್ತು. ನಾನು ಹಿಡೀತೀನಿ.”

“ನಾನಾ? ನನಗೆ ಹತ್ತೋದು ಗೊತ್ತಿಲ್ಲ.”

“ಹದಿನೇಳು ವರ್ಷ ಕೆಳಗಿಂದ ನೋಡಿದ್ದೀಯ. ಇನ್ನೆಷ್ಟು ಕಲೀಬೇಕು?”

ಹೊರಡುವಾಗ ಹಿತ್ತಲ ಕಡೆ ಕೈ ತೋರಿಸಿ, “ಒಂದು ತಂತಿ ತಗೋ. ಕುರ್ಚಿಗಳು ಶೀತದಿಂದ ಸಾಯ್ತಿವೆ” ಅಂದಳು.

ಏಪ್ರಿಲ್ 19, ಶನಿವಾರ

ನಿಧಾನವಾಗಿ ಬರೆಯುತ್ತೇನೆ. ಕೈ ನೋಯುತ್ತಿದೆ, ಆದರೆ ಇದು ಕೆಲಸದ ನೋವು.

ಪೋಸ್ಟ್‌ಮಾಸ್ಟರು ಹಿಂದಿನ ಗೇಟು ತೆಗೆದಿಟ್ಟು ಒಳಗೆ ಹೋಗಿದ್ದರು. ನಾವು ನಾವೇ ಇರಲಿ ಎಂದಿರಬೇಕು. ಗೋಡೆಯ ಮೇಲೆ ಒದ್ದೆಯ ಕಲೆ ಆಳೆತ್ತರ ಇಳಿದಿತ್ತು. ಏಣಿ ಊರಿದೆವು. ಬುಡದ ರಬ್ಬರ್ ನೋಡಿದೆ, ಕಡ್ಡಿಯೂ ಒಂದು ಸಲ ನೋಡಿದಳು. ಅವಳೇ ಮೊದಲು ಹತ್ತಿ ಕೆಂಪು ಹಗ್ಗದಿಂದ ಏಣಿಯ ತಲೆಯನ್ನು ಕೊಂಡಿಗೆ ಬಿಗಿದು, ಎಳೆದು ನೋಡಿ ಇಳಿದಳು.

ಆಮೇಲೆ ನಾನು. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ತಾಗಿರಬೇಕು. ಇವರ ಕಾಲು ನೋಡಿ ನೋಡಿ ನನ್ನ ಕಾಲಿಗೆ ಅದು ಗೊತ್ತಿತ್ತು. ಕಿಟಕಿ ದಾಟಿತು. ಕಣ್ಣ ಮುಂದೆ ಸೂರು ಬಂತು. ಇಷ್ಟು ವರ್ಷ ಇವರು ನೋಡುತ್ತಿದ್ದದ್ದು ಇದು: ಹೆಂಚಿನ ಸಾಲು, ಆಚೆ ಮರ, ಅದರಾಚೆ ಯಾರದೋ ನೀರಿನ ಟ್ಯಾಂಕು. ಚೆನ್ನಾಗಿದೆ.

ದೋಣಿಯಲ್ಲಿ ಒಂದು ಬದಿ ನಾಲ್ಕು ಒಣಗಿದ ಎಲೆ ಬಿಟ್ಟರೆ ಶುಚಿಯಾಗಿತ್ತು. ಇನ್ನೊಂದು ಬದಿ ಮಣ್ಣು ಗಟ್ಟಿಯಾಗಿ ಹುಲ್ಲು ಎದ್ದಿತ್ತು. ಎರಡೂ ಸೇರುವ ಕಡೆ ಇವರ ಕರಣೆ. ಮರದ ಹಿಡಿಯ ಹಳೆಯ ಕರಣೆ, ಹಿಡಿ ಸೂರಿನ ಕಡೆಗೆ, ಬಾಯಿ ಒಳಗೆ. ಬಿದ್ದದ್ದಲ್ಲ, ಇಟ್ಟದ್ದು. ಏಣಿ ಸರಿಸಿ ಮತ್ತೆ ಹತ್ತಿದಾಗ ಕೈಗೆ ಸಿಗುವ ಹಾಗೆ.

ಇಳಿಯುವಾಗ ಕೈ ಖಾಲಿ ಇರಬೇಕು ಎಂದು ಪುಸ್ತಕದಲ್ಲಿದೆ. ಇವರು ಕರಣೆ ಜೋಪಾನವಾಗಿ ಇಟ್ಟು, ಕೈ ಖಾಲಿ ಮಾಡಿಕೊಂಡು, ಹಿಡಿದಿದ್ದೀಯಾ ಎಂದು ಕೇಳಿ, ಆಮೇಲೆಯೇ ಕಾಲಿಟ್ಟಿದ್ದಾರೆ.

“ಅತ್ತಿಗೆ? ಏನಾಯ್ತು?”

“ಏನಿಲ್ಲ. ಅವರ ಕರಣೆ ಸಿಕ್ಕಿತು.”

ಕೆಳಗೆ ಅವಳ ಹಿಡಿತಕ್ಕೆ ಏಣಿ ಇನ್ನೂ ಬಿಗಿಯಾಯಿತು.

ಅದೇ ಕರಣೆಯಿಂದ ಕೆರೆದೆ. ಹುಲ್ಲು ಬೇರು ಸಮೇತ ಎದ್ದು ಬಂತು. ಹೊಕ್ಕಳು ಏಣಿ ದಾಟಲಿಲ್ಲ. ಬಕೆಟ್ಟು ತುಂಬಿದ ಮೇಲೆ ಮಣ್ಣಿನ ಮೇಲೆ ಕರಣೆ ಇಟ್ಟು, ನೀಲಿ ಹಗ್ಗದಲ್ಲಿ ಮೆಲ್ಲಗೆ ಬಿಟ್ಟೆ. ಬಕೆಟ್ಟು ಇಳಿದು ಕಡ್ಡಿಯ ಮೊಣಕೈ ಪಕ್ಕದಲ್ಲೇ ಹೋಗಿ ನೆಲ ಮುಟ್ಟಿತು. ಅಣ್ಣನ ಕರಣೆ ಕೈಗೆಟಕುವಷ್ಟು ಹತ್ತಿರ. ಅವಳು ಅತ್ತ ತಿರುಗಲೂ ಇಲ್ಲ. ಎರಡು ಕೈಯೂ ಏಣಿಯ ಮೇಲೆ, ಕಣ್ಣು ನನ್ನ ಹಿಮ್ಮಡಿಯ ಮೇಲೆ.

ಇಳಿಯುವ ಮೊದಲು ನಾನು ಕೇಳಿದೆ, “ಹಿಡಿದ್ಯಾ?”

ಟಕ್ ಟಕ್ ಟಕ್.

ನನ್ನ ಕಾಲು ನೆಲಕ್ಕೆ ತಾಗಿದ ಮೇಲೆಯೇ ಅವಳು ಕೈ ಬಿಟ್ಟಳು. ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕರಣೆ ಎತ್ತಿಕೊಂಡಳು. ಹಿಡಿಯ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಅತ್ತಳು, ಐದು ತಿಂಗಳಲ್ಲಿ ಮೊದಲ ಸಲ. ನಾನು ಪಕ್ಕದಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ, “ಕೇಳಿದ್ದಾನೆ ನೋಡು ಅವನು. ಕೇಳದೆ ಕಾಲಿಟ್ಟಿಲ್ಲ” ಅಂದಳು.

ಉಳಿದ ಭಾಗ ಅವಳು ಹತ್ತಿ ಮುಗಿಸಿದಳು, ನಾನು ಹಿಡಿದೆ. ಕೊನೆಗೆ ಪೋಸ್ಟ್‌ಮಾಸ್ಟರು ಹೊರಗೆ ಬಂದು ಮೇಲೆ ಒಂದು ಕೊಡ ನೀರು ಸುರಿಯಲು ಹೇಳಿದರು. ನೀರು ದೋಣಿಯಲ್ಲಿ ಓಡಿ, ಪೈಪಿನಲ್ಲಿ ಇಳಿದು, ಮೋರಿಗೆ ಹೋಯಿತು. ಗೋಡೆಗೆ ಒಂದು ಹನಿಯೂ ಬೀಳಲಿಲ್ಲ. ಅವರ ಹೆಂಡತಿ ಒಳಗಿನಿಂದ, ಐದು ತಿಂಗಳು ಸೋರುವ ನೀರಿಗೆ ಇಟ್ಟಿದ್ದ ಬಕೆಟ್ಟು ತಂದು ಹೊರಗೆ ಬೋರಲು ಹಾಕಿದರು.

ಈಗ ನವೆಂಬರ್ 6ರ ಹಾಳೆಗೆ ಹೋಗಿ ಇವರ ಸಾಲಿನ ಕೆಳಗೆ ಇಷ್ಟು ಬರೆಯುತ್ತೇನೆ.

“ಏಪ್ರಿಲ್ 19. ಹಿಂದಿನ ಸೂರು, ಉಳಿದರ್ಧ. ಕೆಂಪು ಏಣಿಗೆ, ನೀಲಿ ಬಕೆಟ್ಟಿಗೆ. ಕರಣೆ ಸಿಕ್ಕಿದೆ. ಇಬ್ಬರೂ ನೆಲದ ಮೇಲೆ.”